ಕಾಲು ಊರಬೇಡಿ ಅಂದರು

"ನಂಗ ಸುಡೂದಿಲ್ಲ ಬಿಡವಾ" ಎಂದು ನಾನು ಆ ಹುಡುಗಿಗೆ ಹೇಳಿದ ಮಾತಿನಿಂದಲೇ ಇದನ್ನು ಶುರು ಮಾಡಬೇಕು. ನನ್ನ ಕಾಯಿಲೆ ಅಂದರೆ ಆ ಮಾತೇ. ಉಳಿದದ್ದೆಲ್ಲ ಆಮೇಲೆ ಡಾಕ್ಟರುಗಳು ಇಟ್ಟ ಹೆಸರು.

2021ರ ಆಗಸ್ಟ್. ಕೊರೋನಾ ಕಾರಣಕ್ಕೆ ಲಾಸ್ ಏಂಜಲೀಸ್ ಹತ್ತಿರದ ಕ್ಯಾಲಬಾಸಸ್ ದೇವಸ್ಥಾನದಲ್ಲಿ ದರ್ಶನದ ಸಾಲು ಹೊರಗೆ, ಬಿಸಿಲಲ್ಲಿ. ಚಾಪೆ ಹಾಸಿದ ಕಡೆಯವರೆಗೆ ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದು ಸ್ವಯಂಸೇವಕರು ಎಲ್ಲರಿಗೂ ಹೇಳುತ್ತಿದ್ದರು. ನಾನು ಮಾತ್ರ ಅಭ್ಯಾಸದಂತೆ ಕಾರಿನಲ್ಲೇ ಬಿಟ್ಟು ಬಂದಿದ್ದೆ. ಒಬ್ಬ ಹುಡುಗಿ ಓಡಿ ಬಂದು, "ಆಂಟಿ, ಡಾಂಬರು ತುಂಬಾ ಬಿಸಿ ಇದೆ, ಪ್ಲೀಸ್ ಚಪ್ಪಲಿ ಹಾಕ್ಕೊಂಡ್ ಬನ್ನಿ" ಎಂದಳು. ಅವಳಿಗೆ ನಾನು ಕೊಟ್ಟ ಉತ್ತರವೇ ಮೇಲಿನದು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದು ಬಾಗಲಕೋಟೆ ಬಿಸಿಲು ಕಂಡ ಕಾಲು ಎಂದೆ. ಇಪ್ಪತ್ತು ನಿಮಿಷ ಬರಿಗಾಲಲ್ಲಿ ನಿಂತೆ, ಕಾಲು ಬದಲಿಸದೆ, ದೇವರು ಮೆಚ್ಚಿಕೊಳ್ಳಲಿ ಎಂಬ ಹಮ್ಮಿನಿಂದ.

ನಾವಿರುವ ಸ್ಯಾನ್ ಡಿಯಾಗೋಗೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದೆವು. ಫೋರ್ ಎಸ್ ರ್ಯಾಂಚ್‌ನ ಮನೆಯಲ್ಲಿ ಕಾಫಿಗೆ ಇಡುತ್ತಿದ್ದಾಗ ಮಗಳು ಅನು ನೆಲ ನೋಡಿ, "ಅಮ್ಮಾ, ವೈ ಈಸ್ ದ ಫ್ಲೋರ್ ವೆಟ್?" ಎಂದಳು. ಬಾಗಿಲಿನಿಂದ ಒಲೆಯವರೆಗೆ ನನ್ನ ಬಲಗಾಲಿನ ಗುರುತು. ಅಂಗಾಲಿನ ಚರ್ಮ ಬೊಬ್ಬೆ ಎದ್ದು, ಒಡೆದು, ಸುಲಿದಿತ್ತು. ನನಗೆ ಒಂದು ಚೂರೂ ಗೊತ್ತಾಗಿರಲಿಲ್ಲ.

ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ನನ್ನದು. ಪಾದದ ಸ್ಪರ್ಶ ಹೋಗಿ ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. ಸ್ಪರ್ಶ ಹೋದದ್ದನ್ನು ನಾನು ಗಟ್ಟಿಯಾದದ್ದು ಎಂದು ತಿಳಿದಿದ್ದೆ.

ಆಮೇಲಿನ ಮೂರು ತಿಂಗಳು ಸ್ಯಾನ್ ಡಿಯಾಗೋದಲ್ಲೇ ಕರ್ನಿ ಮೆಸಾದ ಒಂದು ಕ್ಲಿನಿಕ್ಕಿನಲ್ಲಿ ಕಳೆದವು. ಕೂರುವ ಕುರ್ಚಿಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಹಳದಿ ಟೇಪು ಕಟ್ಟಿದ್ದರು. ಜೊತೆಗೆ ಬಂದವರು ಒಳಗೆ ಬರುವಂತಿಲ್ಲ. ನಮ್ಮವರು ಕೆಳಗೆ ಕಾರಿನಲ್ಲಿ ಕೂತು ಆಫೀಸಿನ ಮೀಟಿಂಗ್ ಮುಗಿಸುತ್ತಿದ್ದರು; ಮೇಲೆ ನಾನು ಡಾಕ್ಟರು ಏನೆಂದರು ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಗಾಯ ಮಾಯಲಿಲ್ಲ. ನವೆಂಬರಿನಲ್ಲಿ ಸೋಂಕು ಮೂಳೆಗೆ ಇಳಿದಿದೆ ಎಂದರು. ಬಹಳ ಸಭ್ಯನಾದ ಒಬ್ಬ ಸರ್ಜನ್, ಮಾತಾಡುತ್ತಲೇ, ನೀಲಿ ಪೆನ್ನು ತೆಗೆದು ನನ್ನ ಮೊಣಕಾಲಿನ ಕೆಳಗೆ ಒಂದು ಗೆರೆ ಎಳೆದ. ಇಲ್ಲಿಂದ ತೆಗೆಯುವುದು ಎಲ್ಲದಕ್ಕಿಂತ ಸುರಕ್ಷಿತ ಎಂದ.

ಮನೆಗೆ ಬಂದು ನಿಂಬೆಹಣ್ಣು ಹಚ್ಚಿ ಆ ಗೆರೆಯನ್ನು ಉಜ್ಜಿದೆ. ಚರ್ಮ ಕೆಂಪಾಯಿತು, ಗೆರೆ ಹೋಗಲಿಲ್ಲ. ಬಾತ್‌ರೂಮಿನಲ್ಲಿ ಕೂತು ಜೀವನದಲ್ಲಿ ಯಾವತ್ತೂ ಬೈಯದ ಹಾಗೆ ಆ ಪೆನ್ನನ್ನು ಬೈದೆ.

ಸುದ್ದಿ ತಿಳಿದವರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಾದಿನಿ, "ಅಷ್ಟು ಸ್ವೀಟ್ ತಿನ್ನಬಾರದಿತ್ತು ಸುಮಿತ್ರಾ" ಎಂದಳು. ಇನ್ನೊಬ್ಬರು, "ದೇವಸ್ಥಾನದಲ್ಲೇ ಹೀಗಾಯ್ತು ಅಂದ್ರೆ ಏನೋ ದೋಷ ಇರಬೇಕು" ಎಂದರು. ನಮ್ಮವರು ಬೆಂಗಳೂರಿನ ಮಿತಭಾಷಿ ಎಂಜಿನಿಯರು. ಮೆಟ್ಟಿಲಿಲ್ಲದ ಮನೆಗಳನ್ನು ಲ್ಯಾಪ್‌ಟಾಪಿನಲ್ಲಿ ಹುಡುಕಲು ಶುರು ಮಾಡಿದರು. ಅದು ಪ್ರೀತಿಯೇ ಎಂದು ಈಗ ಗೊತ್ತು. ಆಗ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಕಾಲು ಇನ್ನೂ ಇಲ್ಲೇ ಐತಿ. ಅದನ್ನ ಮೊದಲ ನೋಡ್ರಿ" ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಕಾಲು ಉಳಿಸಲು ನೋಡುವ ಒಂದು ತಂಡ ಲಾಸ್ ಏಂಜಲೀಸಿನಲ್ಲಿದೆ ಎಂದು ಅನು ಪತ್ತೆ ಮಾಡಿದಳು. ಅಲ್ಲಿಗೆ ಅಪ್ಲೈ ಮಾಡುವ ಫಾರ್ಮನ್ನು ನಾನೇ ತುಂಬಿದೆ, ಹಟ ಹಿಡಿದು. ನೀವು ಯಾವ ಜನಾಂಗ ಎಂಬ ಪ್ರಶ್ನೆ ಬಂತು. ನಾನು ಇಂಡಿಯನ್ ಹೌದು. ಆ ವರ್ಷವೇ ಬಲಗೈ ಎತ್ತಿ ಪ್ರಮಾಣ ಮಾಡಿ ಅಮೆರಿಕನ್ ಕೂಡ ಆಗಿದ್ದೆ. ಎರಡನ್ನೂ ಸೇರಿಸಿ 'ಅಮೆರಿಕನ್ ಇಂಡಿಯನ್' ಎಂಬ ಚೌಕ ಕಂಡಾಗ, ನಮ್ಮಂಥವರನ್ನು ಎಷ್ಟು ಅಚ್ಚುಕಟ್ಟಾಗಿ ನೆನಪಿಟ್ಟಿದ್ದಾರೆ ಎಂದು ಸಂತೋಷವೇ ಆಯಿತು. ಟಿಕ್ ಮಾಡಿದೆ. ಅದರ ಕೆಳಗೆ 'ಟ್ರೈಬ್' ಎಂದಿತ್ತು. ಯಾವ ಕಡೆಯವರು ಎಂದು ಕೇಳುತ್ತಿರಬೇಕು ಎಂದುಕೊಂಡು 'ಕನ್ನಡ' ಎಂದು ಬರೆದೆ. ಮಾತಾಡುವ ಭಾಷೆ ಯಾವುದು ಎಂದಲ್ಲಿಯೂ ಅದನ್ನೇ ಬರೆದೆ.

ವಾರದೊಳಗೆ ಫೋನ್ ಬಂತು. ಪ್ರತಿ ಗುರುವಾರ ಗಾಯದ ಕ್ಲಿನಿಕ್ ಆದ ಮೇಲೆ ಇಂಡಿಯನ್ ಪೇಷಂಟುಗಳು ಒಟ್ಟಿಗೆ ಕೂತು ಮಾತಾಡುತ್ತಾರೆ, ನೀವೂ ಬರುತ್ತೀರಾ ಎಂದರು. ಬರದೇ ಇರುತ್ತೇನೆಯೇ. ಒಂದು ಡಬ್ಬಿ ಚುರುಮುರಿ ಚೂಡಾ ಮಾಡಿಕೊಂಡು ಹೋದೆ.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ, ಒಂದು ಬಟ್ಟೆಯ ಚಪ್ಪರದ ಕೆಳಗೆ, ನಾಲ್ಕು ಜನ ದೂರದೂರ ಕೂತಿದ್ದರು. ಸೀರೆ, ಕುಂಕುಮ, ನಮ್ಮ ಕಡೆಯ ಮುಖ, ಯಾವುದೂ ಕಾಣಲಿಲ್ಲ. ಎಪ್ಪತ್ತು ದಾಟಿದ, ಬಿಳಿ ಜಡೆಯ ಒಬ್ಬ ಹೆಂಗಸು ಮೊಣಕಾಲಿನ ಕೆಳಗಿನ ಕೃತಕ ಕಾಲನ್ನು ಮುಂದೆ ಚಾಚಿಕೊಂಡು ಕೂತಿದ್ದರು. ಹೆಸರು ಲೊರೇನ್. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನು ಚೆರೋಕಿ. ನೀನು ಕನ್ನಡ ಅಂತೆ. ಅದು ಕೆನಡಾ ಕಡೆಯ ಜನವಾ?" ಎಂದರು.

"ಇಲ್ಲ, ಬೆಂಗಳೂರಿನಿಂದ ಉತ್ತರಕ್ಕೆ" ಎಂದೆ.

ಅವರು ನನ್ನನ್ನೂ ಚೂಡಾ ಡಬ್ಬಿಯನ್ನೂ ನೋಡಿದರು. ಅವರಿಗೆ ಅರ್ಥವಾಯಿತು. ಮಾಸ್ಕಿನ ಒಳಗೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿನ್ನನ್ನ ಹುಡುಕ್ಕೊಂಡು ಹಡಗು ಹತ್ತಿದವನು ದಾರಿ ತಪ್ಪಿ ನಮ್ಮ ಮನೆಗೆ ಬಂದ. ಈಗ ಐನೂರು ವರ್ಷ ಬಿಟ್ಟು ನೀನು ಬಂದಿದೀಯ. ಕೂತ್ಕೋ."

ಆ ಚೌಕ ಈ ನೆಲದ ಮೂಲನಿವಾಸಿಗಳದು ಎಂದು ನನಗೆ ಆಗ ಹೊಳೆಯಿತು. ಮುಖ ಕೆಳಗೆ ಹಾಕಿ ಕೂರಹೊರಟಾಗ ಅವರು ನಗು ನಿಲ್ಲಿಸಿದರು. "ಕೂರೋಕೆ ಮುಂಚೆ ಹೋಗಿ ಆ ಚೌಕ ಸರಿ ಮಾಡಿಸಿ ಬಾ. ನಾವು ಮುಗಿದು ಹೋದ ಜನ ಅಂತ ಬರೆಯೋಕೆ ಕಾದಿರೋರು ತುಂಬಾ ಇದ್ದಾರೆ. ನಾವೆಷ್ಟು ಜನ ಅನ್ನೋದು ತಪ್ಪಬಾರದು, ನಿನ್ನಿಂದ ಕೂಡ."

ಹೋಗಿ ಸರಿ ಮಾಡಿಸಿದೆ. ಇನ್ನು ನನಗೆ ಇಲ್ಲಿ ಜಾಗವಿಲ್ಲ ಎಂದು ಡಬ್ಬಿ ತೆಗೆದುಕೊಳ್ಳಲು ಬಂದರೆ ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. "ಫಾರ್ಮು ಅವರದು. ಈ ಕುರ್ಚಿ ನನ್ನದು. ಇಲ್ಲಿ ಯಾರು ಕೂರಬೇಕು ಅಂತ ನಾನು ಹೇಳ್ತೀನಿ" ಎಂದರು. ಆವತ್ತಿನಿಂದ ಗುರುವಾರಗಳು ನನ್ನವೂ ಆದವು.

ಎರಡನೇ ಗುರುವಾರ ಕಾಲಿಗೆ ಏನಾಯಿತೆಂದು ಕೇಳಿದರು. ಡಾಂಬರಿನ ಕಥೆ ಹೇಳಿದೆ. ನನಗೆ ಸುಡುವುದಿಲ್ಲ ಎಂದು ಹೇಳಿದ್ದನ್ನೂ ಮುಚ್ಚಿಡದೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ನಿಜಕ್ಕೂ ಕೋಪ ಬಂತು.

"1838ರಲ್ಲಿ ನಮ್ಮ ನೆಲ ಕಿತ್ಕೊಳ್ಳೋಕೆ ಸರ್ಕಾರ ಸಿಪಾಯಿಗಳನ್ನ ಕಳಿಸಿತು. ನಮ್ಮಜ್ಜಿಯ ಅಜ್ಜಿಯನ್ನ ಊಟದ ಮೇಜಿನಿಂದ ಎಬ್ಬಿಸಿದರು. ಬೇಸಿಗೆ. ಕಾಲಲ್ಲಿ ಏನೂ ಇರಲಿಲ್ಲ. ಹಾಕ್ಕೊಳ್ಳೋಕೆ ಒಳಗೆ ಹೋಗ್ತೀನಿ ಅಂದರೆ ಬಿಡಲಿಲ್ಲ. ತಿಂಗಳುಗಟ್ಟಲೆ ಬೇಲಿ ಒಳಗೆ ಕೂಡಿಟ್ಟರು, ಆಮೇಲೆ ಚಳಿಗಾಲದಲ್ಲಿ ಒಕ್ಲಹೋಮಾವರೆಗೆ ನಡೆಸಿದರು. ಅವಳಿಗೆ ಜೋಡು ಇರಲಿಲ್ಲ. ನೀನು ಇದ್ದ ಜೋಡನ್ನ ಕಾರಲ್ಲಿ ಬಿಚ್ಚಿಟ್ಟು ಹೋದೆಯಾ?"

ಡಾಕ್ಟರು, ನಾದಿನಿ, ನನ್ನ ಮನಸ್ಸು, ಎಲ್ಲರೂ ನನ್ನನ್ನು ಬೈದಿದ್ದರು. ಯಾರ ಬೈಗುಳವೂ ಹೀಗೆ ತಾಗಿರಲಿಲ್ಲ. ಆ ಕಾಲು ಬೆಲೆಯುಳ್ಳದ್ದು ಎಂದು ಬೈದವರು ಅವರೊಬ್ಬರೇ.

ಲೊರೇನ್ ಹೇಳಿದ್ದನ್ನು ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. "ಅಯ್ಯೋ ಪಾಪ ಅಂತ ಓದುವ ಹಾಗೆ ಬರೀಬೇಡ" ಎಂಬ ಒಂದೇ ಷರತ್ತು. ಆ ನಡಿಗೆಯಲ್ಲಿ ಮೊದಲು ಸತ್ತವರು ಮುದುಕರು ಮತ್ತು ಕೂಸುಗಳು. ಕಥೆ ಗೊತ್ತಿದ್ದವರೂ ಕಥೆ ಕೇಳಬೇಕಿದ್ದವರೂ ಒಂದೇ ಚಳಿಗಾಲದಲ್ಲಿ ಹೋದರು. ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆದು ತಿನ್ನುತ್ತಿದ್ದವರ ಕೈಗೆ ಬಿಳಿ ಹಿಟ್ಟು ಮತ್ತು ಉಪ್ಪು ಹಾಕಿದ ಹಂದಿ ಮಾಂಸ ಬಂತು. ಲೊರೇನ್ ಬೆಳೆದ ಅಡುಗೆಮನೆಯಲ್ಲೂ ಸರ್ಕಾರದ ಹಿಟ್ಟಿನ ಚೀಲ, ಸರ್ಕಾರದ ಕೊಬ್ಬಿನ ಡಬ್ಬಿ ಇದ್ದವಂತೆ. ಅವರ ತಾಯಿಗೆ ಸಕ್ಕರೆ ಕಾಯಿಲೆ, ಇಬ್ಬರು ಅಣ್ಣಂದಿರಿಗೆ, ಅವರಿಗೆ. "ಡಾಕ್ಟರು ನೀವು ಏನು ತಿಂದಿರಿ ಅಂತ ಕೇಳ್ತಾರೆ. ನಮಗೆ ಏನು ತಿನ್ನಿಸಿದರು ಅಂತ ಕೇಳಿ ಅಂತೀನಿ ನಾನು" ಎಂದರು.

ಲೊರೇನ್ ಐದು ವರ್ಷದವರಿದ್ದಾಗ ಸರ್ಕಾರ ಎರಡನೇ ಸಲ ಅವರ ಕಡೆಯವರನ್ನು ಎಬ್ಬಿಸಿತು. ಈ ಸಲ ಬಂದೂಕಿನ ಬದಲು ಪಟ್ಟಣದಲ್ಲಿ ಕೆಲಸ ಇದೆ ಎಂಬ ಬಣ್ಣದ ಕಾಗದ, ಲಾಸ್ ಏಂಜಲೀಸಿಗೆ ಹೋಗುವುದಕ್ಕೆ ಮಾತ್ರ ಟಿಕೆಟ್. ತಾಯಿ ಇಲ್ಲಿ ಹೊಲಿಗೆ ಕಾರ್ಖಾನೆಗೆ ಸೇರಿದರು. ಮಕ್ಕಳೊಂದಿಗೆ ಚೆರೋಕಿ ಮಾತಾಡಲೇ ಇಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಆ ಭಾಷೆಗೆ ಏಟು ತಿಂದಿದ್ದವರು ಅವರು. ಕೇಳಿದರೆ ಮರೆತುಹೋಗಿದೆ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲವೆಂದು ಹೊಲಿಗೆಗಳನ್ನು ಚೆರೋಕಿಯಲ್ಲಿ ಎಣಿಸುತ್ತಿದ್ದದ್ದನ್ನು ಲೊರೇನ್ ಬಾಗಿಲ ಸಂದಿಯಿಂದ ಕೇಳಿಸಿಕೊಂಡರಂತೆ.

"ನಮ್ಮಮ್ಮನ 'ಮರೆತುಹೋಗಿದೆ' ಮತ್ತು ನಿನ್ನ 'ಸುಡುವುದಿಲ್ಲ' ಎರಡೂ ಒಂದೇ" ಎಂದರು.

ಆ ಮಾತಿಗೆ ನನ್ನ ಬಾಯಿಂದ ಮುಳುಗಡೆಯ ಸುದ್ದಿ ಹೊರಬಿತ್ತು. ಹಳೇ ಬಾಗಲಕೋಟೆಯ ನಮ್ಮ ಓಣಿ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ನನ್ನ ಮದುವೆಗೆ ಇನ್ನೂ ವರ್ಷವಿತ್ತು. ಅಪ್ಪ ತೇಗದ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ನವನಗರಕ್ಕೆ ಸಾಗಿಸಿದರು. ಹೊಸ ಮನೆಯ ಬಾಗಿಲ ಜಾಗಕ್ಕೆ ಅದು ದೊಡ್ಡದಾಯಿತು. ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿತ್ತು. ರಸ್ತೆ ಅಗಲ, ನಲ್ಲಿ ನೀರು, ಇನ್ನೇನು ಬೇಕು ಎಂದರು ಎಲ್ಲರೂ. ಅಳಬಾರದು ಎಂದು ಅಪ್ಪ ಹೇಳಿದ್ದರು. ನಾನು ಅತ್ತಿರಲಿಲ್ಲ.

"ನಮಗೂ ನಿಮ್ಮ ಹಾಗೇ ಆಗಿದೆ" ಎಂದುಬಿಟ್ಟೆ.

"ನಮ್ಮ ಹಾಗೆ ಅಲ್ಲ" ಎಂದರು ಲೊರೇನ್, ಗಟ್ಟಿಯಾಗಿ. "ನೀವು ಬಾಗಿಲು ಹೊತ್ತುಕೊಂಡು ಹೋದಿರಿ. ನಮ್ಮವರಿಗೆ ಬಾಗಿಲು ಹಾಕೋಕೂ ಬಿಡಲಿಲ್ಲ. ಎರಡನ್ನೂ ಅಳೆದು ಒಂದೇ ಅನ್ನಬೇಡ. ಆದರೆ ನಿನ್ನದು ಚಿಕ್ಕದು ಅಂತ ನಾನು ಅನ್ನಲಿಲ್ಲ. ನಿನ್ನದನ್ನ ನಿನ್ನದು ಅಂತಲೇ ಅಳು."

ಕನ್ನಡದಲ್ಲಿ ಇದಕ್ಕೆ ಒಕ್ಕಲೆಬ್ಬಿಸುವುದು ಅನ್ನುತ್ತೇವೆ, ಕೂತವರನ್ನು ಎಬ್ಬಿಸುವುದು ಎಂದು ವಿವರಿಸಿದೆ. ಅವರಿಗೆ ಆ ಪದ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಮುಂದಿನ ವಾರ ಆಸ್ಪತ್ರೆಯ ಒಬ್ಬ ಉದ್ಯೋಗಿ ಬಂದು, ಈ ಅಂಗಳ ಬೇರೆ ಕೆಲಸಕ್ಕೆ ಬೇಕು, ಪಾರ್ಕಿಂಗ್ ಕಡೆ ಹೋಗಿ ಕೂರಿ ಎಂದು ಹೇಳಿದಾಗ, ಲೊರೇನ್ ಕೃತಕ ಕಾಲನ್ನು ಕಳಚಿ ಪಕ್ಕದಲ್ಲಿಟ್ಟುಕೊಂಡರು. "ಸರ್ಕಾರ ನಮ್ಮನ್ನು ಎರಡು ಸಲ ಎಬ್ಬಿಸಿದೆ. ಮೂರನೇ ಸಲ ಏಳಲ್ಲ" ಎಂದರು. ಆತ ತಬ್ಬಿಬ್ಬಾಗಿ ಹೋದ. ಅಂಗಳ ನಮಗೇ ಉಳಿಯಿತು. ನಾನು ಇಷ್ಟು ನಕ್ಕು ತಿಂಗಳುಗಳಾಗಿದ್ದವು.

ಇನ್ನೊಂದು ದಿನ ಫೋನಿನಲ್ಲಿ ಒಂದು ಪಟ್ಟಿ ತೋರಿಸಿದರು. ಮೊಮ್ಮಗಳ ಜೊತೆ ಶನಿವಾರ ವಿಡಿಯೋದಲ್ಲಿ ಚೆರೋಕಿ ಕಲಿಯುತ್ತಿದ್ದರು. ಗ, ಗೆ, ಗಿ, ಗೊ, ಗು ಎಂದು ಸಾಲಾಗಿ, ಉಚ್ಚಾರಕ್ಕೊಂದು ಅಕ್ಷರ. ಅಕ್ಷರಗಳು ನನಗೆ ಗೊತ್ತಿರಲಿಲ್ಲ, ಸಾಲು ಗೊತ್ತಿತ್ತು. "ಇದು ನಮ್ಮ ಕಾಗುಣಿತ" ಎಂದೆ; ಭಾನುವಾರದ ಕನ್ನಡ ತರಗತಿಯಲ್ಲಿ ಫೋರ್ ಎಸ್ ರ್ಯಾಂಚ್‌ನ ಮಕ್ಕಳಿಗೆ ನಾನು ಕಲಿಸುವುದೂ ಅದನ್ನೇ. ಸಿಪಾಯಿಗಳು ಎಬ್ಬಿಸುವ ಮುಂಚೆಯೇ ಅವರದೇ ಜನರಲ್ಲೊಬ್ಬರು ಮಾಡಿಟ್ಟ ಲಿಪಿ ಅದು. ಜೋಡಿಲ್ಲದ ಕಾಲುಗಳ ಜೊತೆ ಅದೂ ನಡೆದು ಹೋಯಿತು. ಹೋದ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಶಾಲೆ ಕಟ್ಟಿದರು, ಕೋರ್ಟು ಕಟ್ಟಿದರು, ಆ ಲಿಪಿಯಲ್ಲೇ ಪತ್ರಿಕೆ ಅಚ್ಚು ಹಾಕಿದರು. "ಸತ್ತವರನ್ನಷ್ಟೇ ಕೇಳಿ ಎದ್ದು ಹೋಗೋರು ಜಾಸ್ತಿ. ಇದನ್ನೂ ಬರಿ" ಎಂದರು. ಬರೆದಿದ್ದೇನೆ.

ಡಿಸೆಂಬರಿನಲ್ಲಿ ಆಪರೇಷನ್. ಲಾಸ್ ಏಂಜಲೀಸಿನ ಡಾಕ್ಟರು ಭರವಸೆ ಕೊಡಲಿಲ್ಲ, ಗೆರೆಯನ್ನೂ ಎಳೆಯಲಿಲ್ಲ. ಎರಡು ಬೆರಳು ಮತ್ತು ಕೆಟ್ಟ ಮೂಳೆ ತೆಗೆಯುತ್ತೇವೆ, ಆಮೇಲೆ ಎಲ್ಲವೂ ನೀನು ಎಷ್ಟು ಸುಮ್ಮನಿರುತ್ತೀಯ ಎಂಬುದರ ಮೇಲಿದೆ ಎಂದರು. ಫಾರ್ಮಿನಲ್ಲಿ ಕನ್ನಡ ಎಂದಿದ್ದರಿಂದ ನಿಯಮದಂತೆ ಫೋನಿನಲ್ಲಿ ಒಬ್ಬ ದುಭಾಷಿಯನ್ನು ಹಿಡಿದರು. ನನಗೆ ಇಂಗ್ಲಿಷ್ ಬರುತ್ತದೆ ಎನ್ನಲು ಹೊರಟವಳು ಆ ದನಿ ಕೇಳಿ ಸುಮ್ಮನಾದೆ. ಎಲ್ಲಿಯ ಹೆಣ್ಣುಮಗಳೋ, ಮೆತ್ತಗೆ ಹೇಳಿದಳು: "ಅಮ್ಮಾ, ಮೂರು ತಿಂಗಳು ಆ ಕಾಲು ಊರಬೇಡಿ ಅಂತಿದ್ದಾರೆ ಡಾಕ್ಟ್ರು. ಒಂದು ಸಲ ಕೂಡ ಊರಬೇಡಿ."

ಡಾಕ್ಟರು ನಾಲ್ಕು ಸಲ ಇಂಗ್ಲಿಷಿನಲ್ಲಿ ಹೇಳಿದಾಗ ಅದೊಂದು ಸೂಚನೆಯಾಗಿತ್ತು. ಕನ್ನಡದಲ್ಲಿ ಕೇಳಿದೊಡನೆ ಎದೆ ಒಡೆಯಿತು. ಊರು ಅಂದರೆ ಕಾಲನ್ನು ನೆಲಕ್ಕೆ ತಾಗಿಸಿ ಭಾರ ಬಿಡುವುದು. ಊರು ಅಂದರೆ ಹಾಗೆ ಭಾರ ಬಿಟ್ಟು ನಿಂತ ಜಾಗ. ಐವತ್ತು ವರ್ಷಕ್ಕೆ ಹತ್ತಿರವಾಗುವ ತನಕ ಆಡಿದ ಭಾಷೆಯಲ್ಲಿ ಇವೆರಡೂ ಒಂದೇ ಪದ ಎಂದು ನಾನು ಗಮನಿಸಿರಲಿಲ್ಲ. ನೀರಿನ ಕೆಳಗಿರುವ ಓಣಿ, ಗೋಡೆಗೆ ಒರಗಿದ ಬಾಗಿಲು, ಅಳಬೇಡ ಎಂದ ಅಪ್ಪ, ಎಲ್ಲ ಒಟ್ಟಿಗೆ ಬಂದು ನಾನು ಅತ್ತೆ. ಡಾಕ್ಟರು ಬೆರಳಿಗಾಗಿ ಅಳುತ್ತಿದ್ದಾಳೆ ಎಂದು ತಿಳಿದು ಟಿಶ್ಯೂ ಕೊಟ್ಟರು.

ಮೂರು ತಿಂಗಳು ಊರಲಿಲ್ಲ. ಇದರಲ್ಲಿ ವೀರತನದ ಹಾಗೆ ಕಾಣುವುದು ಏನೂ ಇಲ್ಲ. ಮೊಣಕಾಲು ಮಡಚಿ ತಳ್ಳುವ ಗಾಡಿಯ ಮೇಲೆ ಬಚ್ಚಲಿಗೆ ಹೋಗುವುದು, ಕೂತಲ್ಲೇ ಈರುಳ್ಳಿ ಹೆಚ್ಚುವುದು, ಮೆಟ್ಟಿಲನ್ನು ಕುಂಡೆಯ ಮೇಲೆ ಹತ್ತುವುದು. ಆದರೆ ಆ ನೀಲಿ ಗೆರೆಗೆ ನಾನು ಕೊಟ್ಟ ಉತ್ತರ ಅದೇ. ಅನು ಕಾಲೇಜಿನ ಕ್ಲಾಸುಗಳನ್ನು ನನ್ನ ಮಂಚದ ಪಕ್ಕ ಕೂತು ಆನ್‌ಲೈನಿನಲ್ಲೇ ಮುಗಿಸುತ್ತಿದ್ದಳು. ನಾನು ಮರೆತು ಕಾಲು ಇಳಿಸಿದರೆ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಮ್ಮಾ, ಫುಟ್" ಎನ್ನುತ್ತಿದ್ದಳು. ನಾನು, "ಫುಟ್ ಅಲ್ಲ, ಊರಬ್ಯಾಡ ಅನ್ನು" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಅನ್ನುತ್ತಿರಲಿಲ್ಲ. ಇನ್ನು ನಮ್ಮವರು ಮನೆ ಹುಡುಕುವುದು ಬಿಟ್ಟು ಸಂಜೆ ಹೊತ್ತು ಟಾರ್ಚ್ ಹಿಡಿದು ನನ್ನ ಎರಡೂ ಅಂಗಾಲು ನೋಡುವ ಕೆಲಸ ಹಿಡಿದರು. ಬೆರಳಿನಿಂದ ಒಂದೊಂದು ಕಡೆ ಒತ್ತಿ, "ಇಲ್ಲಿ ಗೊತ್ತಾಗುತ್ತಾ?" ಎಂದು ಕೇಳುತ್ತಾರೆ. ಈಗಲೂ ಕೇಳುತ್ತಾರೆ. ಗೊತ್ತಾಗದ ಕಡೆ ನಾನು ಗೊತ್ತಾಗಲ್ಲ ಎನ್ನುತ್ತೇನೆ. ಅಷ್ಟು ಹೇಳುವುದನ್ನು ಕಲಿಯಲು ನನಗೆ ಎರಡು ಬೆರಳು ಹೋಗಬೇಕಾಯಿತು.

ಮಾರ್ಚಿನಲ್ಲಿ ಒಂದು ಗುರುವಾರ ಕಟ್ಟು ಬಿಚ್ಚಿದರು. ಗಾಯ ಕೂಡಿಕೊಂಡಿತ್ತು. ಕಾಲು ನನ್ನದಾಗಿ ಉಳಿಯಿತು. ಎರಡು ಸರಳಿನ ನಡುವೆ ನಿಲ್ಲಿಸಿ ಭಾರ ಬಿಡು ಎಂದರು. ಲೊರೇನ್ ಅನುಮತಿ ಗಿನುಮತಿ ಕೇಳದೆ ಒಳಗೆ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ನನ್ನ ಪದದ ಕಥೆ ಅವರಿಗೆ ಹೇಳಿಯಾಗಿತ್ತು. "ಹೇಳು, ಏನದು ಪದ?" ಎಂದರು. "ಊರು" ಎಂದೆ. "ಹಾಗಾದರೆ ಇಟ್ಟ ಕಡೆ ನಿನ್ನದು. ಎಬ್ಬಿಸೋಕೆ ಬಂದರೆ ನನಗೆ ಫೋನ್ ಮಾಡು" ಎಂದರು.

ನಾನು ಇನ್ನೆಂದೂ ಬರಿಗಾಲಲ್ಲಿ ನಡೆಯುವಂತಿಲ್ಲ. ಮನೆಯೊಳಗೂ, ದೇವರ ಮುಂದೂ ಇಲ್ಲ. ಪಾದದ ಅಚ್ಚು ತೆಗೆದು ಮಾಡಿದ ಕಪ್ಪು ಶೂ ಎರಡು ಜೊತೆ, ಒಂದು ಹೊರಗಿಗೆ, ಒಂದು ಒಳಗಿಗೆ. ಕಳೆದ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಬಡಾವಣೆಯ ವಿಮಲಾ ಆಂಟಿ ಕುಂಕುಮಕ್ಕೆ ಕರೆದರು. ಕಾರಿನಲ್ಲೇ ಒಳಗಿನ ಜೋಡು ಹಾಕಿಕೊಂಡು ಅನು ಜೊತೆ ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ವಿಮಲಾ ಆಂಟಿ ನನ್ನ ಕಾಲು ನೋಡಿದರು. ಒಳ್ಳೆಯವರು, ದನಿ ಏರಿಸುವವರಲ್ಲ.

"ಸುಮಿತ್ರಾ, ಒಳಗೆ ಕಲಶ ಇಟ್ಟಿದೀವಮ್ಮ. ಬೇಜಾರ್ ಮಾಡ್ಕೋಬೇಡ, ಇಲ್ಲೇ ಬಾಗಿಲ ಹತ್ರ ಕುರ್ಚಿ ಹಾಕಿಸ್ತೀನಿ, ಕುಂಕುಮ ಇಲ್ಲಿಗೇ ತಂದ್ಕೊಡ್ತೀನಿ" ಎಂದರು.

ಒಂದು ಕ್ಷಣ ಹಳೆಯ ಸುಮಿತ್ರಾ ಎದ್ದು ಬಂದಳು, ಪರವಾಗಿಲ್ಲ ಬಿಡಿ ಎನ್ನುವವಳು, ಯಾವುದೂ ಸುಡದವಳು. ಕುರ್ಚಿ ಕೂಡ ಬಂತು. ಆದರೆ ನನಗೆ ಸುಟ್ಟಿತು, ಚೆನ್ನಾಗಿಯೇ ಸುಟ್ಟಿತು.

"ಆಂಟಿ, ಇದು ಶೂ ಅಲ್ಲ. ನನ್ನ ಕಾಲು. ಬಿಚ್ಚಿಡಾಕ ಬರೂದಿಲ್ಲ" ಎಂದೆ.

ಹೊಸಿಲಿನ ಆಚೆ ಕಾಲು ಎತ್ತಿದವಳು ಅರೆಗಳಿಗೆ ಹಾಗೇ ನಿಂತೆ. ಹಿಂದಿನಿಂದ ಅನು ನನ್ನ ಮೊಣಕೈ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ಅವಳು.

"ಊರು, ಅಮ್ಮಾ" ಎಂದಳು.

ಊರಿದೆ. ವಿಮಲಾ ಆಂಟಿ ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ನಡೆದು ಕಲಶದ ಎದುರಿಗೆ ಹಾಕಿದರು. ನಾನು ಹೋಗಿ ಕೂತೆ. ಏಳು ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ನಾನು ಏಳುತ್ತಿರಲಿಲ್ಲ.